ಹಳೆಯ ಅಲ್ಯೂಮಿನಿಯಂ ದೋಣಿ ಸೋರುತ್ತಿದ್ದರೆ ಮೊದಲು ಟ್ರೇಲರ್ ನೋಡಿ

ಹಳೆಯ ಅಲ್ಯೂಮಿನಿಯಂ ದೋಣಿ ಮನೆಗೆ ತಂದವರು ಹೇಳುವ ದೂರು ಹೆಚ್ಚುಕಡಿಮೆ ಮೂರೇ. ತಳದಲ್ಲಿ ನೀರು ಸೇರುತ್ತದೆ. ಇರಬೇಕಾದ್ದಕ್ಕಿಂತ ದೋಣಿ ಭಾರವಾಗಿದೆ. ಟ್ರೇಲರ್ ಎಳೆದರೆ ಸದ್ದು ಬರುತ್ತದೆ, ಇಲ್ಲವೇ ದೀಪ ಕೈಕೊಡುತ್ತದೆ. ಈ ಮೂರನ್ನೂ ಬೇರೆಬೇರೆ ಕಾಯಿಲೆ ಎಂದು ಹಿಡಿದು ಒಂದೊಂದಕ್ಕೂ ಒಂದೊಂದು ಮದ್ದು ಮಾಡುವವರೇ ಹೆಚ್ಚು. ನಾನು ಕಂಡ ಮಟ್ಟಿಗೆ ಇವು ಬಹಳ ಸಲ ಒಂದೇ ಬೇರಿನಿಂದ ಹುಟ್ಟಿದವು. ಇಂಥ ದೋಣಿ ನೀರಿನಲ್ಲಿ ಇರುವ ಕಾಲ ಕಡಿಮೆ, ಟ್ರೇಲರ್ ಮೇಲೆ ಕೂತಿರುವ ಕಾಲ ಬಹಳ. ತಳ ಎಲ್ಲಿ ಬಾಗಿದೆ, ಯಾವ ಸಾಲಿನ ರಿವೆಟ್ (ತಗಡುಗಳನ್ನು ಸೇರಿಸುವ ಲೋಹದ ಮೊಳೆ) ಸಡಿಲಗೊಂಡಿದೆ, ತಗಡು ಎಲ್ಲಿ ತಿಂದುಹೋಗಿದೆ ಎಂಬುದೆಲ್ಲ ಟ್ರೇಲರ್ ಆ ದೋಣಿಯನ್ನು ಹೇಗೆ ಹೊತ್ತಿತ್ತು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ದೋಣಿಯನ್ನು ಕೆಳಗಿಳಿಸಿ ಬೋರಲು ಹಾಕುವ ಆತುರ ಬೇಡ. ಅದು ಕೂತಿರುವ ಹಾಗೆಯೇ ಒಮ್ಮೆ ಸರಿಯಾಗಿ ನೋಡಿಕೊಳ್ಳಿ.

ಇಲ್ಲಿ ಹೇಳುತ್ತಿರುವುದು 12ರಿಂದ 14 ಅಡಿ ಉದ್ದದ, ರಿವೆಟ್ ಹೊಡೆದು ಕಟ್ಟಿದ, ಹಿಂದೆ ಸಣ್ಣ ಎಂಜಿನ್ ತೂಗುಹಾಕುವ ದೋಣಿಗಳ ಬಗ್ಗೆ. ಮೂವತ್ತು-ನಲವತ್ತರ ಸೈಟಿನ ಪೋರ್ಟಿಕೋದಲ್ಲಿ ಕಾರು ಹೊರಗಿಟ್ಟರೆ ಟ್ರೇಲರ್ ಸಮೇತ ಹಿಡಿಸುವ ಅಳತೆ. ಬೆಂಗಳೂರಿನಲ್ಲಿ ದೋಣಿ ಯಾಕೆ ಎಂದು ಕೇಳುವವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತಂದದ್ದು ನೆನಪಿದ್ದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕೆಲಸಕ್ಕೆ ಬರುವ ಸ್ಥಿತಿಯಲ್ಲಿರುವ ಒಂದು ದೋಣಿ ಗುಜರಿಗೆ ಹೋಗುವುದು ನನಗಂತೂ ಸಹಿಸಲಾಗದ ಸಂಗತಿ.

ನೀರು ಯಾವಾಗ ಬರುತ್ತದೆ

ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಸೋರುತ್ತಿದೆ ಎಂದು ಕೇಳಿಕೊಳ್ಳಿ. ದೋಣಿಯ ಹಿಂದಿನ ಮಾಲೀಕರು ಸಿಕ್ಕರೆ ಮೊದಲು ಅವರನ್ನು ಕೇಳಬೇಕಾದದ್ದೂ ಇದನ್ನೇ.

ದಡದಲ್ಲಿ ಕಟ್ಟಿ ನಿಲ್ಲಿಸಿದಾಗಲೂ ನೀರು ಏರುತ್ತಿದ್ದರೆ ದೋಷ ನೀರಿನ ಗೆರೆಗಿಂತ ಕೆಳಗಿದೆ. ನೀರು ಹೊರಬಿಡುವ ತೂತಿನ ಬಿರಡೆ, ಕೀಲ್ (ತಳದ ನಡುವಿನ ಉದ್ದ ಬೆನ್ನೆಲುಬು) ಉದ್ದಕ್ಕೂ ಇರುವ ರಿವೆಟ್ ಸಾಲು, ತಳದ ತಗಡುಗಳ ಜಾಯಿಂಟ್, ಈ ಮೂರನ್ನೇ ಮೊದಲು ಅನುಮಾನಿಸಿ. ಖಾಲಿ ಇದ್ದಾಗ ಒಣಗಿದ್ದು, ನಾಲ್ಕು ಜನ ಕೂತ ಮೇಲೆ ಮಾತ್ರ ನೀರು ಕಂಡರೆ ಎರಡು ಸಾಧ್ಯತೆ: ಪಕ್ಕದ ಗೋಡೆಯ ಮೇಲಿನ ಸಾಲೊಂದು ಈಗ ನೀರಿಗೆ ಮುಳುಗಿದೆ, ಇಲ್ಲವೇ ಭಾರಕ್ಕೆ ತಳ ಬಾಗಿ ರಿವೆಟ್ ಬಾಯಿಬಿಡುತ್ತಿದೆ. ಓಡುವಾಗ ಮಾತ್ರ ಬರುವ ನೀರು ಮುಂಭಾಗದ ತಳದಿಂದ ಬರಬಹುದು, ಅಲೆ ಬಡಿಯುವುದು ಅಲ್ಲಿ. ಅಥವಾ ಟ್ರಾನ್ಸಮ್, ಅಂದರೆ ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯ ಬೋಲ್ಟ್ ತೂತುಗಳಿಂದ ಬರಬಹುದು. ನೀರಿಗೇ ಇಳಿಯದ ದೋಣಿಯಲ್ಲಿ ಮಳೆ ನಿಂತು ದಿನಗಳಾದರೂ ತಳ ಒದ್ದೆಯಾಗುತ್ತಲೇ ಇದ್ದರೆ ಅದು ಸೋರಿಕೆಯೇ ಅಲ್ಲ. ಸೀಟಿನ ಕೆಳಗಿನ ಫೋಮ್ ಕುಡಿದ ನೀರನ್ನು ನಿಧಾನವಾಗಿ ಕಕ್ಕುತ್ತಿದೆ. ಅದರ ಮಾತು ಮುಂದೆ ಬರುತ್ತದೆ.

ನೀರು ಕಂಡ ಜಾಗವೇ ಸೋರುವ ಜಾಗ ಎಂದು ನಂಬಬೇಡಿ. ಮನೆಯ ತಾರಸಿ ಸೋರಿದರೆ ಬಿರುಕು ಒಂದು ಮೂಲೆಯಲ್ಲಿ, ತೊಟ್ಟಿಕ್ಕುವುದು ಇನ್ನೊಂದು ಕೋಣೆಯಲ್ಲಿ, ದೋಣಿಯಲ್ಲೂ ಅಷ್ಟೇ. ಮುಂದೆ ನುಗ್ಗಿದ ನೀರು ಅಡ್ಡಪಟ್ಟಿಗಳ ಅಡಿಯಿಂದ ಹರಿದು ಹಿಂದೆ ಬಂದು ನಿಲ್ಲುತ್ತದೆ. ಹಾಗಾಗಿ ಎಲ್ಲರೂ ಹಿಂಬದಿಗೆ ಸೀಲಂಟ್ ಮೆತ್ತುತ್ತಾರೆ, ಮುಂದಿನದು ಹಾಗೇ ಉಳಿಯುತ್ತದೆ.

ಇಳಿಸುವ ಮುನ್ನ

ದೋಣಿ ಟ್ರೇಲರ್ ಮೇಲಿರುವಾಗಲೇ ಅದರ ಕೆಳಗೆ ಚಾಪೆ ಹಾಕಿ ಮಲಗಿ ನೋಡಿ. ಎರಡು ಉದ್ದ ಆಸರೆ ಹಲಗೆಗಳು ಟ್ರಾನ್ಸಮ್‌ವರೆಗೂ ತಲುಪಿವೆಯೇ? ಎಂಜಿನ್‌ನ ಪೂರ್ತಿ ಭಾರ ಟ್ರಾನ್ಸಮ್ ಮೇಲೆ ಬೀಳುತ್ತದೆ. ಹಲಗೆ ಅದಕ್ಕಿಂತ ಒಂದೆರಡು ಅಡಿ ಮೊದಲೇ ನಿಂತುಹೋದರೆ ಹಿಂಭಾಗ ಅಂತರದಲ್ಲಿ ತೂಗುತ್ತದೆ. ನಮ್ಮ ರಸ್ತೆಯ ಪ್ರತಿ ಹಂಪ್‌ಗೂ ಅದು ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯ ತುದಿ ತಾಗುವ ಕಡೆ ತಗಡು ಬಾಗುತ್ತದೆ, ಅಲ್ಲಿಯ ಅಡ್ಡಪಟ್ಟಿಯ ರಿವೆಟ್‌ಗಳು ಒಂದೊಂದಾಗಿ ಸಡಿಲವಾಗುತ್ತವೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಗಾರೆಯವರು ಗೋಡೆ ಸಮ ಮಾಡಲು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಉದ್ದುದ್ದ ಒತ್ತಿಹಿಡಿಯಿರಿ, ಒಂದು ತುದಿ ಟ್ರಾನ್ಸಮ್ ಅಂಚಿನಲ್ಲಿರಲಿ. ಎರಡು ತುದಿ ತಾಗಿ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ. ಬೆಳಕು ಹೆಚ್ಚು ಕಾಣುವ ಜಾಗಕ್ಕೂ ಹಲಗೆಯ ತುದಿಗೂ ಸಂಬಂಧವಿದೆಯೇ ಎಂದು ಅಳೆದು ಬರೆದುಕೊಳ್ಳಿ. ರೋಲರ್ ಇರುವ ಟ್ರೇಲರ್ ಆದರೆ ಒಂದೊಂದು ರೋಲರ್ ಎದುರಿಗೂ ತಗಡು ತಗ್ಗಾಗಿದೆಯೇ ಎಂದು ಕೈಯಾಡಿಸಿ ನೋಡಿ.

ಹಲಗೆಗಳಿಗೆ ಸುತ್ತಿದ ಕಾರ್ಪೆಟ್ಟು, ಗೋಣಿಚೀಲ, ತೆಂಗಿನ ನಾರಿನ ಮ್ಯಾಟು ಇನ್ನೊಂದು ಮುಖ್ಯ ಸಾಕ್ಷಿ. ಇವು ನೀರು ಹಿಡಿದಿಟ್ಟುಕೊಂಡು ತಗಡಿಗೆ ಒದ್ದೆ ಪಟ್ಟಿ ಕಟ್ಟಿದ ಹಾಗೆ ವರ್ಷಗಟ್ಟಲೆ ಒತ್ತಿಕೊಂಡಿರುತ್ತವೆ. ಅಲ್ಯೂಮಿನಿಯಂ ಉಳಿಯುವುದು ಅದರ ಮೇಲೆ ಗಾಳಿಗೆ ತಾನಾಗಿಯೇ ಕಟ್ಟುವ ಆಕ್ಸೈಡ್ ಪದರದಿಂದ. ಗಾಳಿಯಾಡದೆ ಒದ್ದೆಯಲ್ಲೇ ಇದ್ದರೆ ಆ ಪದರ ಮುರಿದ ಕಡೆ ಮತ್ತೆ ಕಟ್ಟುವುದಿಲ್ಲ, ಸೂಜಿಮೊನೆಯಷ್ಟು ಗುಂಡಿ ಬೀಳುತ್ತವೆ. ಹಲಗೆ ತಾಮ್ರದ ಲವಣದಿಂದ ಸಂಸ್ಕರಿಸಿದ್ದಾದರೆ ಇನ್ನೂ ಕೆಟ್ಟದ್ದು. ತಾಮ್ರ ಸೋಕಿದ ನೀರು ಅಲ್ಯೂಮಿನಿಯಂ ಪಾಲಿಗೆ ವಿಷ. ಕಾರ್ಪೆಟ್ ಬಿಗಿದ ಕಬ್ಬಿಣದ ಮೊಳೆ, ಸ್ಟೇಪಲ್ ತಲೆಗಳು ತಗಡಿಗೆ ತಾಗುತ್ತಿದ್ದರೆ ಅವುಗಳ ನೇರಕ್ಕೂ ಗುಂಡಿ ಹುಡುಕಿ.

ಈಗ ಹಲಗೆಗಳ ಅಂಚನ್ನು, ರೋಲರ್‌ಗಳ ಜಾಗವನ್ನು ತಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು ಮಾಡಿ. ಪೆನ್ಸಿಲ್ ಬೇಡವೇ ಬೇಡ. ಅದರ ಗ್ರಾಫೈಟ್ ಉಳಿದ ಗೆರೆಯ ಉದ್ದಕ್ಕೂ ಅಲ್ಯೂಮಿನಿಯಂ ಸವೆಯುತ್ತದೆ. ವಿಮಾನದ ತಗಡು ಕೆಲಸದವರು ಪೆನ್ಸಿಲ್ ಮುಟ್ಟದಿರುವುದು ಇದೇ ಕಾರಣಕ್ಕೆ.

ಒಳಗೆ ನೀರು ತುಂಬಿ ನೋಡುವುದು

ಸೋರಿಕೆ ಹುಡುಕಲು ಇದಕ್ಕಿಂತ ನಂಬಿಕಸ್ಥ ದಾರಿಯಿಲ್ಲ: ಒಳಗೆ ನೀರು ತುಂಬಿ, ಹೊರಗಿನಿಂದ ನೋಡುವುದು. ಎಷ್ಟು ತುಂಬಬೇಕೆಂಬ ಲೆಕ್ಕ ಮಾತ್ರ ಗೊತ್ತಿರಲಿ. 14 ಅಡಿ ದೋಣಿಯ ತಳ ಹತ್ತಿರಹತ್ತಿರ 4 ಚದರ ಮೀಟರ್. 10 ಸೆಂ.ಮೀ. ನೀರು ನಿಂತರೆ 400 ಲೀಟರ್, ಅಂದರೆ 400 ಕೆ.ಜಿ. ಖಾಲಿ ದೋಣಿಯ ತೂಕವೇ 100 ಕೆ.ಜಿ. ಆಸುಪಾಸು. ಅಂಚಿನವರೆಗೆ ತುಂಬಿದರೆ ಆಸರೆಯಿಲ್ಲದ ಕಡೆ ತಳ ಜೋತುಬೀಳುತ್ತದೆ, ಚೆನ್ನಾಗಿದ್ದ ರಿವೆಟ್ಟೂ ಸಡಿಲವಾಗುತ್ತದೆ. 10 ಸೆಂ.ಮೀ. ಸಾಕು. ಟ್ರೇಲರ್‌ನ ಹಿಂದಿನ ಎರಡು ಮೂಲೆಗೂ ಮುಂದಿನ ಮೂತಿಗೂ ಜಾಕ್ ಅಥವಾ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಕಲ್ಲು ಇಟ್ಟು ಶುರುಮಾಡಿ. ಮೊದಲು ಮುಂಭಾಗ ಎತ್ತಿ ಹಿಂದಿನ ಅರ್ಧ ಪರೀಕ್ಷಿಸಿ, ಆಮೇಲೆ ತಿರುಗುಮುರುಗು ಮಾಡಿ. ನೀರೂ ಉಳಿಯುತ್ತದೆ, ಭಾರವೂ ಕಡಿಮೆ.

ಕಾವೇರಿ ನೀರು ಇದಕ್ಕೆ ಬೇಡ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ಮರೆಯುವಂತಿಲ್ಲ. ದಂಡ ಬಿಡಿ, ಆ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರು ಯಾರೂ ಆ ನೀರನ್ನು ಹೀಗೆ ಚೆಲ್ಲಲಾರರು. ಮಳೆನೀರಿನ ತೊಟ್ಟಿಯಿಂದ ಬಕೆಟ್‌ನಲ್ಲಿ ಸುರಿಯಿರಿ. ಪರೀಕ್ಷೆ ಮುಗಿದ ಮೇಲೆ ಗಿಡಕ್ಕೆ ಬಿಡಬೇಕೆಂದಿದ್ದರೆ ನೀರಿಗೆ ಬಣ್ಣ ಬೆರೆಸಬೇಡಿ. ಬೆರೆಸುವುದಾದರೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಸಾಕು. ಸೆಖೆಗೆ ತಗಡಿನ ಹೊರಗೆ ಬೆವರಿದ ಹನಿಯನ್ನೂ ನಿಜವಾದ ಸೋರಿಕೆಯನ್ನೂ ಅದು ಬೇರೆ ಮಾಡಿ ತೋರಿಸುತ್ತದೆ.

ಹೊರಗೆ ತಳವನ್ನು ಒಣಬಟ್ಟೆಯಲ್ಲಿ ಒರೆಸಿ, ರಂಗೋಲಿ ಪುಡಿ ಅಥವಾ ಸೀಮೆಸುಣ್ಣದ ಪುಡಿಯನ್ನು ಒಣಬ್ರಷ್‌ನಲ್ಲಿ ತೆಳ್ಳಗೆ ಸವರಿ. ಒಂದು ಹನಿ ಜಿನುಗಿದರೂ ಅಲ್ಲಿ ಬಣ್ಣ ಕಪ್ಪಾಗುತ್ತದೆ. ಜಿನುಗಿದ ಕಡೆಯೆಲ್ಲ ಸುತ್ತು ಹಾಕಿ, ಧಾರೆಯಾದರೆ ಎರಡು ಸುತ್ತು. ಐದು ನಿಮಿಷಕ್ಕೆ ಒಂದು ಸಲ, ಅರ್ಧ ಗಂಟೆಗೆ ಒಂದು ಸಲ, ರಾತ್ರಿ ಕಳೆದ ಮೇಲೆ ಒಂದು ಸಲ ನೋಡಿ. ಬಳಿಕ ಒಬ್ಬರು ಒಳಗೆ ಹತ್ತಿ ಬರಿಗಾಲಿನಲ್ಲಿ ಮೆಲ್ಲಗೆ ಓಡಾಡಲಿ, ಇನ್ನೊಬ್ಬರು ಕೆಳಗಿನಿಂದ ನೋಡಲಿ. ನಿಂತ ಭಾರಕ್ಕೆ ಬಾಯಿಬಿಡದ ರಿವೆಟ್ ಈ ಓಡಾಟಕ್ಕೆ ಬಾಯಿಬಿಡುತ್ತದೆ. ಆಸರೆ ಹಲಗೆಯ ಮೇಲಿರುವ ರಿವೆಟ್‌ಗಳು ಕಣ್ಣಿಗೆ ಬೀಳುವುದಿಲ್ಲ. ನೀರು ಬಿಟ್ಟು, ದೋಣಿಯನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಿ, ಅವುಗಳಿಗಾಗಿಯೇ ಇನ್ನೊಮ್ಮೆ ಮಾಡಬೇಕು. ಈ ಎರಡನೆಯ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೆಚ್ಚಿನ ದೋಷ ಅಡಗಿರುವುದೋ ಅಲ್ಲೇ.

ಈಗ ಎರಡು ನಕ್ಷೆ ಕೈಯಲ್ಲಿವೆ: ಆಸರೆಯ ಗುರುತು, ಸೋರಿಕೆಯ ಗುರುತು. ಒಂದರ ಪಕ್ಕ ಒಂದು ಇಟ್ಟು ನೋಡಿ. ಸೋರುವ ರಿವೆಟ್‌ಗಳು ಹಲಗೆಯ ತುದಿಯ ಸಾಲಿನಲ್ಲೇ ಗುಂಪಾಗಿದ್ದರೆ ದೋಷ ಆಸರೆಯದು. ಹಲಗೆ ಉದ್ದ ಮಾಡದೆ ರಿವೆಟ್ ಬಿಗಿಮಾಡಿದರೆ ಒಂದು ಮಳೆಗಾಲದಲ್ಲಿ ಮತ್ತೆ ಇದೇ ಕಥೆ. ಹಲಗೆಯ ಉದ್ದಕ್ಕೂ ಚುಕ್ಕಿಚುಕ್ಕಿಯಾಗಿ ಜಿನುಗಿದರೆ ಅದು ಒದ್ದೆ ಕಾರ್ಪೆಟ್ ತಿಂದ ತಗಡು. ಆಸರೆಗೆ ಸಂಬಂಧವೇ ಇಲ್ಲದೆ ಮುಂಭಾಗದಲ್ಲಿ ಹರಡಿದ್ದರೆ ಅಲೆಯ ಬಡಿತ ಅಥವಾ ಕಲ್ಲಿಗೆ ತಗುಲಿದ ಪೆಟ್ಟು.

ರಿವೆಟ್

ಸುತ್ತು ಹಾಕಿದ ಒಂದೊಂದು ರಿವೆಟ್ಟನ್ನೂ ಕೈಯಿಂದ ಪರೀಕ್ಷಿಸಿ. ಒಳತುದಿಗೆ ಬೆರಳಿಟ್ಟು ಹೊರತಲೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಬಿಗಿಯಾಗಿದ್ದರೆ ಪೆಟ್ಟು ಸುತ್ತಲಿನ ತಗಡಿಗೆಲ್ಲ ಹರಡಿದಂತೆ ಅನಿಸುತ್ತದೆ. ಸಡಿಲವಾಗಿದ್ದರೆ ಬೆರಳಿಗೆ ಮಾತ್ರ ಚುಚ್ಚಿದಂತಾಗುತ್ತದೆ. ತಲೆಯ ಸುತ್ತ ಕಪ್ಪು ಉಂಗುರವೋ ಹಿಂದಕ್ಕೆ ಎಳೆದ ಕಪ್ಪು ಬಾಲವೋ ಇದ್ದರೆ ರಿವೆಟ್ ತೂತಿನಲ್ಲಿ ಉಜ್ಜಿ ಉದುರಿದ ಅಲ್ಯೂಮಿನಿಯಂ ಪುಡಿ ಅದು.

ಈ ವಿಷಯದಲ್ಲಿ ಬೆಂಗಳೂರಿನವರಿಗಿರುವ ಅನುಕೂಲ ಬೇರೆ ಎಷ್ಟೋ ಊರಿನವರಿಗಿಲ್ಲ. 1940ರಲ್ಲಿ ಇಲ್ಲಿ ಶುರುವಾದ ಎಚ್‌ಎಎಲ್‌ನಲ್ಲಿ ವಿಮಾನದ ತಗಡಿಗೆ ರಿವೆಟ್ ಹೊಡೆದು ನಿವೃತ್ತರಾದವರು ವಿಮಾನಪುರ, ಮಾರತ್ತಹಳ್ಳಿ ಕಡೆ ಇದ್ದಾರೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಅಲ್ಯೂಮಿನಿಯಂ ದೋಣಿ ಕಟ್ಟಲು ಹೊರಟ ಗ್ರಮ್ಮನ್ ಕೂಡ ವಿಮಾನ ಕಟ್ಟುತ್ತಿದ್ದ ಕಂಪನಿಯೇ. ಕಸುಬು ಒಂದೇ. ಅಂಥ ಹಿರಿಯರೊಬ್ಬರು ನನ್ನ ಜೊತೆ ಕೂತು ಹೇಳಿಕೊಟ್ಟ ಮಾತು ಇದು: "ನೋಡಪ್ಪಾ, ಸುತ್ತಿಗೆ ಸದ್ದು ಬದಲಾಯ್ತಾ, ಅಲ್ಲಿಗೆ ನಿಲ್ಲಿಸ್ಬಿಡು. ಕೂತಿದೆ ಅಂತ ಅರ್ಥ. ಮೇಲೆ ಇನ್ನೊಂದು ಏಟು ಹಾಕಿದ್ರೆ ತಗಡು ಹಿಗ್ಗುತ್ತೆ."

ಬಿಗಿ ಮಾಡುವುದು ಇಬ್ಬರ ಕೆಲಸ. ಎರಡು ಮೂರು ಕೆ.ಜಿ.ಯ, ಮುಖ ನುಣುಪಾಗಿರುವ ಕಬ್ಬಿಣದ ತುಂಡನ್ನು ಒಬ್ಬರು ಒಳಗಿನ ತುದಿಗೆ ಒತ್ತಿಹಿಡಿಯಬೇಕು. ಇನ್ನೊಬ್ಬರು ರಿವೆಟ್ ತಲೆಯ ಆಕಾರಕ್ಕೆ ತಗ್ಗು ಮಾಡಿದ ಉಕ್ಕಿನ ಕಡ್ಡಿಯನ್ನು ಹೊರತಲೆಗೆ ಇಟ್ಟು ಹೊಡೆಯಬೇಕು. ಆ ಕಡ್ಡಿಯನ್ನು ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ತಲೆ ಸವೆದಿದ್ದರೆ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಬಿಗಿಮಾಡಿ ಫಲವಿಲ್ಲ. ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆದು, ಒಂದು ಅಳತೆ ದೊಡ್ಡ ಗಟ್ಟಿ ರಿವೆಟ್ ಹಾಕಿ. ಒಳಗೆ ಕೈ ಹೋಗದ ಜಾಗಕ್ಕೆ ಹೊರಗಿನಿಂದಲೇ ಎಳೆದು ಕೂರಿಸುವ ಪಾಪ್ ರಿವೆಟ್ ಅನಿವಾರ್ಯ. ಆದರೆ ಬೋರ್ಡು ಬಡಿಯಲು ಬಳಸುವ ಸಾಮಾನ್ಯ ಪಾಪ್ ರಿವೆಟ್‌ನ ನಡುವೆ ತೂತಿರುತ್ತದೆ, ಅದರಿಂದಲೇ ನೀರು ಬರುತ್ತದೆ. ತುದಿ ಮುಚ್ಚಿರುವ ಬಗೆಯನ್ನು ಕೇಳಿ ತನ್ನಿ. ಎಸ್.ಪಿ. ರಸ್ತೆಯ ಫಾಸ್ಟನರ್ ಅಂಗಡಿಗಳಲ್ಲಿ ಮಾದರಿ ತೋರಿಸಿ ವಿಚಾರಿಸಿ. ಸೇರಿಸುವ ಮುನ್ನ ಪ್ರತಿ ರಿವೆಟ್‌ಗೂ ಪಾಲಿಯುರೆಥೇನ್ ಸೀಲಂಟ್ ಸವರಿ.

ಸಿಲಿಕೋನ್ ಬಗ್ಗೆ ಒಂದು ಖಡಾಖಂಡಿತ ಮಾತು: ನೀರಿನ ಗೆರೆಯ ಕೆಳಗೆ ಬೇಡ. ವಿನೆಗರ್ ವಾಸನೆ ಬರುವ ಬಗೆ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಗಡಿಗೆ ಹಾನಿ. ಅದಕ್ಕಿಂತ ದೊಡ್ಡ ತೊಂದರೆ, ಒಮ್ಮೆ ಸಿಲಿಕೋನ್ ಸವರಿದ ಜಾಗಕ್ಕೆ ಆಮೇಲೆ ಬೇರೆ ಸೀಲಂಟ್ ಆಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಎಪಾಕ್ಸಿ ಪುಟ್ಟಿಯೂ ಸಡಿಲ ರಿವೆಟ್‌ಗೆ ಮದ್ದಲ್ಲ. ರಿವೆಟ್ ಅಲುಗಾಡುತ್ತದೆ, ಗಟ್ಟಿಯಾದ ಪುಟ್ಟಿ ಬಾಗಲಾರದೆ ಸೀಳುತ್ತದೆ. ಮೊದಲು ಬಿಗಿ, ಆಮೇಲೆ ಸೀಲಂಟ್. ಎಲ್ಲ ರಿವೆಟ್ ಬಿಗಿಯಾದ ಮೇಲೂ ಜಾಯಿಂಟ್ ಜಿನುಗಿದರೆ ಆಗ ಒಳಗಿನಿಂದ ತೆಳು ಎಪಾಕ್ಸಿ ಹರಿಸಬಹುದು.

ಬಿರುಕು ಮತ್ತು ಬಿಳಿ ಪುಡಿ

ಬಿರುಕು ಹುಟ್ಟುವುದು ಗಟ್ಟಿ ಭಾಗ ಮುಗಿದು ಮೆತು ಭಾಗ ಶುರುವಾಗುವ ಕಡೆ: ಸೀಟಿನ ತುದಿ, ಅಡ್ಡಪಟ್ಟಿಯ ಕೊನೆ, ಟ್ರಾನ್ಸಮ್‌ನ ಕೆಳಮೂಲೆ. ಕೂದಲೆಳೆಯ ಬಿರುಕಿಗೆ ನೀರು ಸಾಲದು. ಬೆಸುಗೆ ಪರೀಕ್ಷಿಸುವವರ ಹಳೆಯ ಉಪಾಯ ಇಲ್ಲಿ ನಡೆಯುತ್ತದೆ. ಹೊರಗೆ ಸೀಮೆಸುಣ್ಣವನ್ನು ನೀರಿನಲ್ಲಿ ಕದಡಿ ಬಳಿದು ಒಣಗಿಸಿ, ಒಳಗಿನಿಂದ ಸೀಮೆಎಣ್ಣೆ ಸವರಿ. ನೀರು ನುಗ್ಗಲಾರದ ಸಂದಿಗೂ ಸೀಮೆಎಣ್ಣೆ ನುಗ್ಗಿ ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಸುತ್ತಮುತ್ತ ಬೆಂಕಿ, ಕಿಡಿ ಇರಬಾರದು; ಸೀಲಂಟ್ ಹಚ್ಚುವ ಮುನ್ನ ಅಸಿಟೋನ್‌ನಲ್ಲಿ ಪೂರ್ತಿ ಒರೆಸಬೇಕು. ಸೀಮೆಎಣ್ಣೆ ಸಿಗದಿದ್ದರೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬಿರುಕಿಗೆ ಇಳಿದು ಗೆರೆ ತೋರಿಸುವ ಕೆಂಪು ಬಣ್ಣದ ಡೈ ಪೆನೆಟ್ರೆಂಟ್ ಸ್ಪ್ರೇ ಕೇಳಿ.

ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದರೆ ಅದು ಮುಂದುವರಿಯುವುದು ನಿಲ್ಲುತ್ತದೆ. ಮೇಲೆ 5052 ದರ್ಜೆಯ ಅಲ್ಯೂಮಿನಿಯಂ ತಗಡಿನ ತೇಪೆ, ನಡುವೆ ಸೀಲಂಟ್, ಸುತ್ತ ರಿವೆಟ್. ಪೀಣ್ಯಕ್ಕೆ ಒಯ್ದು ಆರ್ಗಾನ್ ವೆಲ್ಡಿಂಗ್ ಮಾಡಿಸೋಣ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಪೀಣ್ಯದಲ್ಲಿ ಒಳ್ಳೆಯ ಕೈಗಳಿವೆ, ಅದರಲ್ಲಿ ಸಂಶಯವಿಲ್ಲ. ಆದರೆ ಒಂದೂವರೆ ಮಿ.ಮೀ. ದಪ್ಪದ ಹಳೆಯ ತಗಡಿನಲ್ಲಿ ಮೂಲ ತೊಡಕು ಬೇರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಕರಗಲು 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಜಾಯಿಂಟಿನೊಳಗಿನ ಹಳೆಯ ಸೀಲಂಟ್, ಎಣ್ಣೆ, ಉಪ್ಪು ಉರಿದು ಬೆಸುಗೆ ಗುಳ್ಳೆಗುಳ್ಳೆಯಾಗುತ್ತದೆ. ಶಾಖ ತಾಗಿದ ಸುತ್ತಳತೆಯಲ್ಲಿ ತಗಡಿನ ಗಟ್ಟಿತನ ಇಳಿದು, ಮುಂದಿನ ಬಿರುಕು ಬೆಸುಗೆಯ ಪಕ್ಕದಲ್ಲೇ ಹುಟ್ಟುತ್ತದೆ. ಸೀಟಿನ ಕೆಳಗೆ ಫೋಮ್ ಉಳಿದಿದ್ದರೆ ಅದಕ್ಕೆ ಬೆಂಕಿ ಹತ್ತಿ ವಿಷದ ಹೊಗೆ ಬರುತ್ತದೆ. ರಿವೆಟ್ ಹೊಡೆದ ದೋಣಿಗೆ ರಿವೆಟ್ಟೇ ಸರಿ ಎಂಬುದು ನನ್ನ ನಿಲುವು.

ಬಿಳಿ ಪುಡಿ ಕಂಡ ಕಡೆ ಅದನ್ನು ಕೆರೆದು ದಬ್ಬಳದ ಮೊನೆಯಿಂದ ಒತ್ತಿ ನೋಡಿ. ಮೊನೆ ಒಳಗಿಳಿದರೆ ತಗಡು ಮುಗಿದಿದೆ, ತೇಪೆ ಬೇಕು. ಇಳಿಯದಿದ್ದರೆ ಉಜ್ಜಿ, ತೊಳೆದು, ಎಪಾಕ್ಸಿ ತುಂಬಿದರೆ ಸಾಕು. ಕಾರಣವನ್ನೂ ಹುಡುಕಿ: ಪಕ್ಕದಲ್ಲಿ ಹಿತ್ತಾಳೆ ಫಿಟ್ಟಿಂಗ್ ಇದೆಯೇ, ತಾಮ್ರದ ವೈರ್ ತುಂಡು ಬಿದ್ದಿದೆಯೇ, ಸ್ಟೀಲ್ ಬೋಲ್ಟ್ ನೇರವಾಗಿ ತಗಡಿಗೆ ತಾಗಿದೆಯೇ. ನಮ್ಮ ಬಡಾವಣೆಗಳಲ್ಲಿ ಯಾರೂ ಗಮನಿಸದ ಇನ್ನೊಂದು ಕಾರಣ ಸಿಮೆಂಟು. ಒದ್ದೆ ಸಿಮೆಂಟು ಬಲವಾದ ಕ್ಷಾರ, ಅದು ಅಲ್ಯೂಮಿನಿಯಂನ ರಕ್ಷಣೆಯ ಪದರವನ್ನೇ ಕರಗಿಸುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದ್ದರೆ ದೋಣಿ ಮುಚ್ಚಿಡಿ, ಗಾರೆಯ ಹನಿ ಬಿದ್ದರೆ ಅಂದೇ ತೊಳೆಯಿರಿ. ಬಣ್ಣ ಕೀಳಲು ಕಾಸ್ಟಿಕ್ ಸೋಡಾ, ತೊಳೆಯಲು ಟಾಯ್ಲೆಟ್ ಆಸಿಡ್ ಬಳಸುವುದೂ ಇದೇ ಅಪಾಯ.

ದೋಣಿ ಯಾಕೆ ಭಾರ

ಟ್ರೇಲರ್ ಸಮೇತ ವೇ ಬ್ರಿಡ್ಜ್‌ಗೆ ಒಯ್ದು ತೂಗಿಸಿ, ದೋಣಿ ಇಳಿಸಿದ ದಿನ ಖಾಲಿ ಟ್ರೇಲರ್ ತೂಗಿಸಿ. ಕಳೆದು ಬಂದ ತೂಕ ಆ ಮಾದರಿಗೆ ತಯಾರಕರು ಹೇಳಿದ್ದಕ್ಕಿಂತ ಹತ್ತಾರು ಕೆ.ಜಿ. ಹೆಚ್ಚಿದ್ದರೆ ಅದು ಫೋಮ್ ಕುಡಿದ ನೀರು. ಸೀಟಿನ ಒಂದು ರಿವೆಟ್ ತೆಗೆದು ಉದ್ದ ಕಡ್ಡಿ ತೂರಿಸಿ. ಒದ್ದೆಯಾಗಿ ಬಂದರೆ ಅನುಮಾನವೇ ಬೇಡ. ನೆಂದ ಫೋಮ್ ಒಣಗುವುದಿಲ್ಲ, ತೆಗೆದೇ ಬಿಡಬೇಕು. ಹಾಗೆಂದು ಖಾಲಿ ಬಿಡಬಾರದು, ದೋಣಿ ತುಂಬಿದರೂ ಮುಳುಗದಂತೆ ತಡೆಯುವುದು ಅದೇ. ನೀರು ಹೀರದ ಗಟ್ಟಿ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಫೋಮ್) ಹಾಳೆಗಳನ್ನು ಕತ್ತರಿಸಿ, ಕೆಳಗೆ ನೀರು ಹರಿಯಲು ಸಂದು ಬಿಟ್ಟು ಜೋಡಿಸಿ.

ಟ್ರಾನ್ಸಮ್ ಒಳಗಿನ ಪ್ಲೈವುಡ್ ಕೊಳೆತಿದೆಯೇ ಎಂದು ತಿಳಿಯಲು ಎಂಜಿನ್ ಅಥವಾ ಅದರ ಬದಲು ಉದ್ದ ಹಲಗೆಯೊಂದನ್ನು ಬಿಗಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಹಿಂಬದಿಯ ಗೋಡೆ ಕಣ್ಣಿಗೆ ಕಾಣುವಷ್ಟು ಬಾಗಿದರೆ ಮರ ಹೋಗಿದೆ. ಬೋಲ್ಟ್ ಬಿಚ್ಚಿದಾಗ ಕಂದು ನೀರು ಇಳಿದರೂ ಅದೇ ಅರ್ಥ. ಹೊಸದಕ್ಕೆ ಐಎಸ್ 710 ಗುರುತಿನ ಮರೀನ್ ಪ್ಲೈ ತನ್ನಿ, ಐಎಸ್ 303 ಗುರುತಿನ ಸಾಮಾನ್ಯ ಪ್ಲೈ ಸಾಲದು. 18 ಮಿ.ಮೀ.ಯ ಎರಡು ಹಾಳೆ ಎಪಾಕ್ಸಿಯಲ್ಲಿ ಅಂಟಿಸಿ, ಅಂಚುಗಳಿಗೂ ಬೋಲ್ಟ್ ತೂತಿನ ಒಳಗೋಡೆಗೂ ಎಪಾಕ್ಸಿ ಕುಡಿಸಿ. ತೂತು ಕೊರೆದು ಹಾಗೇ ಬಿಟ್ಟರೆ ಕೊಳೆತ ಶುರುವಾಗುವುದು ಅಲ್ಲಿಂದಲೇ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದಲ್ಲಿ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಮುಂದಿನ ಪದರದ ಮೊದಲು ನೀರಿನಲ್ಲಿ ತೊಳೆದು ಉಪ್ಪುಕಾಗದ ಹಾಕಿ.

ಟ್ರೇಲರ್‌ನ ಸದ್ದು ಮತ್ತು ದೀಪ

ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಟಕ್ ಟಕ್ ಎಂದರೆ ಬೇರಿಂಗ್ ಸಡಿಲ, ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್ ಸವೆದಿದೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ದೂರದಿಂದ ಬಂದು ಬಿಸಿಯಾದ ಹಬ್ (ಬೇರಿಂಗ್ ಕೂರುವ, ಚಕ್ರದ ನಡುವಿನ ಭಾಗ) ನೇರ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಕೆರೆ ದಡದಲ್ಲಿ ಕಾಲು ಗಂಟೆ ನಿಂತು ತಣ್ಣಗಾಗಲು ಬಿಡುವುದೇ ಇದಕ್ಕೆ ಪರಿಹಾರ. ಬೇರಿಂಗ್ ಬದಲಿಸುವಾಗ ಅದರ ಮೇಲೆ ಕೆತ್ತಿದ ಸಂಖ್ಯೆ ನೋಡಿಯೇ ಕೊಳ್ಳಿ. ಅಮೆರಿಕದ ಟ್ರೇಲರ್‌ನಲ್ಲಿ ಸಾಮಾನ್ಯವಾಗಿ ಎಲ್44649 ಇರುತ್ತದೆ, ಅದರ ಒಳವ್ಯಾಸ 26.99 ಮಿ.ಮೀ.; ಎಲ್44643 ನೋಡಲು ಅದರಂತೆಯೇ ಇದ್ದರೂ ಒಳವ್ಯಾಸ 25.4 ಮಿ.ಮೀ. ನಮ್ಮಲ್ಲೇ ಕಟ್ಟಿದ ಟ್ರೇಲರ್‌ಗೆ ಹಳೆಯ ಜೀಪು, ಕಾರಿನ ಹಬ್ ಹಾಕಿರುವುದುಂಟು, ಅದಕ್ಕೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಚಕ್ರ ತಿರುಗಿಸುತ್ತಾ ನಟ್ ಬಿಗಿಮಾಡಿ, ಬಿಟ್ಟು, ಮತ್ತೆ ಬೆರಳಿನಿಂದಷ್ಟೇ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ.

ಟೈರಿನ ಪಕ್ಕದ ನಾಲ್ಕಂಕಿ ನೋಡಿ: 2314 ಎಂದಿದ್ದರೆ 2014ರ 23ನೇ ವಾರದ್ದು. ಟೈರಿನ ಗೀರು (ಟ್ರೆಡ್) ಎಷ್ಟು ಆಳ ಉಳಿದಿದ್ದರೂ ಪಕ್ಕದ ಗೋಡೆ ಬಿರಿದಿದ್ದರೆ ಎಸೆಯಿರಿ. ಚೌಕಟ್ಟಿನ ಚೌಕ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಠಣ್ ಎನ್ನುತ್ತಿದ್ದದ್ದು ದಬ್ ಎಂದ ಕಡೆ ಗುರುತು ಹಾಕಿ. ಟ್ರೇಲರ್ ಒಂದು ಬದಿಗೆ ಎಳೆಯುತ್ತಿದ್ದರೆ ಕಾರಿಗೆ ಸಿಕ್ಕಿಸುವ ಕೊಂಡಿಯಿಂದ ಆಕ್ಸಲ್‌ನ ಎರಡು ತುದಿಗೂ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಇರಬೇಕು. ಬಾಲ ಅಲ್ಲಾಡಿಸಿದಂತೆ ತೂಗಾಡುತ್ತಿದ್ದರೆ ಕೊಂಡಿಯ ಮೇಲಿನ ಭಾರ ಸಾಲದು. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಅಲ್ಲಿ ಬೀಳುವಂತೆ ದೋಣಿ ಮುಂದಕ್ಕೆ ಸರಿಸಿ, ಸರಿಸಿದ ಮೇಲೆ ಹಲಗೆ ಟ್ರಾನ್ಸಮ್‌ಗೆ ತಲುಪುತ್ತಿದೆಯೇ ಎಂದು ಮತ್ತೆ ನೋಡಿ.

ದೀಪದ ದೋಷಕ್ಕೆ ಮೊದಲ ಶಂಕೆ ಅರ್ಥ್ ವೈರ್ ಮೇಲೆ. ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ಮಿಣುಕುವುದು, ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುವುದು, ಇವೆರಡೂ ಅದರ ಗುರುತು. ದೀಪ ಉರಿಯುವಾಗ ಅದರ ಅರ್ಥ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ಮೀರಿದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಚೌಕಟ್ಟನ್ನು ನೆಚ್ಚಿಕೊಳ್ಳದೆ ಪ್ರತಿ ದೀಪಕ್ಕೂ ಬೇರೆ ನೆಗೆಟಿವ್ ವೈರ್ ಎಳೆಯಿರಿ. ಅಮೆರಿಕದಿಂದ ಬಂದ ಟ್ರೇಲರ್‌ನಲ್ಲಿ ಬಿಳಿ ಅರ್ಥ್, ಕಂದು ಹಿಂದೀಪ, ಹಳದಿ ಎಡ, ಹಸಿರು ಬಲ. ಬ್ರೇಕಿಗೂ ಇಂಡಿಕೇಟರಿಗೂ ಅಲ್ಲಿ ಒಂದೇ ವೈರ್. ನಮ್ಮ ಕಾರುಗಳಲ್ಲಿ ಅವೆರಡೂ ಬೇರೆ. ನೇರ ಜೋಡಿಸಿದರೆ ಸರಿಯಾಗದು, ಪರಿವರ್ತಕ ಹಾಕಬೇಕು ಅಥವಾ ಹಳದಿ ಇಂಡಿಕೇಟರ್ ದೀಪ ಬೇರೆ ಕೂರಿಸಬೇಕು. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ವಾಹನವೇ, ಆದ್ದರಿಂದ ಅದರ ಕಾಗದಪತ್ರ ಸರಿಯಿಲ್ಲದೆ ರಸ್ತೆಗೆ ತರಬೇಡಿ.

ಬಣ್ಣ, ಮತ್ತೆ ನೀರು

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಬ್ಬಿಣದ ತಂತಿ ಬ್ರಷ್ ಮುಟ್ಟಿಸಬೇಡಿ, ಅದರ ಚೂರುಗಳು ತಗಡಿನಲ್ಲಿ ಹುದುಗಿ ತುಕ್ಕು ಹಿಡಿಯುತ್ತವೆ. ರೆಡ್ ಆಕ್ಸೈಡ್ ಕಬ್ಬಿಣಕ್ಕೆ, ಇಲ್ಲಿಗಲ್ಲ. ಉಜ್ಜಿದ ದಿನವೇ ಸೆಲ್ಫ್ ಎಚ್ ಪ್ರೈಮರ್ ಅಥವಾ ಅಲ್ಯೂಮಿನಿಯಂಗೆಂದೇ ಇರುವ ಎಪಾಕ್ಸಿ ಪ್ರೈಮರ್ ಹಾಕಿ. ತಾಮ್ರ ಬೆರೆತ ತಳದ ಬಣ್ಣ ಯಾರು ಕೊಟ್ಟರೂ ಬೇಡ.

ಟ್ರೇಲರ್‌ನ ಹಲಗೆಗಳನ್ನು ಟ್ರಾನ್ಸಮ್‌ವರೆಗೂ ಉದ್ದ ಮಾಡಿ, ಕಾರ್ಪೆಟ್ ಬದಲು ನೀರು ನಿಲ್ಲದ ಪ್ಲಾಸ್ಟಿಕ್ ಪಟ್ಟಿ ಬಡಿದು, ಮೊಳೆತಲೆಗಳನ್ನು ಒಳಕ್ಕಿಳಿಸಿದ ಮೇಲಷ್ಟೇ ದೋಣಿಯನ್ನು ಮತ್ತೆ ಅದರ ಮೇಲೆ ಕೂರಿಸಿ. ಪಾಲಿಯುರೆಥೇನ್ ಸೀಲಂಟ್ ಗಾಳಿಯ ತೇವದಿಂದ ದಿನಕ್ಕೆ ಸುಮಾರು 3 ಮಿ.ಮೀ. ಆಳ ಒಣಗುತ್ತದೆ, ಒಂದು ವಾರ ಬಿಡಿ. ಬಳಿಕ ಕೆರೆ ಅಥವಾ ಹಿನ್ನೀರು ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಪಡೆದು, ಲೈಫ್ ಜಾಕೆಟ್ ಹಾಕಿಕೊಂಡು, ಸೊಂಟದಷ್ಟು ನೀರಿನಲ್ಲಿ ದೋಣಿ ಇಳಿಸಿ. ಟ್ರೇಲರ್ ನೀರಿಗೆ ತಳ್ಳುವ ಮುನ್ನ ದೀಪದ ಪ್ಲಗ್ ಕಿತ್ತಿಡಿ, ಬಿಸಿ ಬಲ್ಬಿಗೆ ತಣ್ಣೀರು ತಾಗಿದರೆ ಸೀಳುತ್ತದೆ.

ದೋಣಿಯೊಳಗೆ ಪ್ರತಿ ಜಾಯಿಂಟಿನ ಉದ್ದಕ್ಕೂ ಟಿಶ್ಯೂ ಪೇಪರ್ ಹಾಸಿ, ಹೊರಗೆ ನಾಲ್ಕು ಕಡೆ ನೀರಿನ ಗೆರೆಗೆ ಟೇಪ್ ಅಂಟಿಸಿ. ಒಂದು ಗಂಟೆ ಖಾಲಿ, ಇನ್ನೊಂದು ಗಂಟೆ ಜನ ಕೂತು ನೋಡಿ. ಪೇಪರ್ ಮೊದಲು ನೆನೆದ ಜಾಗ ನಿಮ್ಮ ಹಳೆಯ ನಕ್ಷೆಯಲ್ಲಿದ್ದರೆ ಆ ರಿವೆಟ್ ಇನ್ನೂ ಕೂತಿಲ್ಲ. ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಹಲಗೆ ಮುಚ್ಚಿಟ್ಟಿದ್ದ ಜಾಗ. ಮನೆಗೆ ಬಂದ ಮೇಲೆ ಬಿರಡೆ ತೆಗೆದು, ಮೂತಿ ಎತ್ತಿ ನಿಲ್ಲಿಸಿ. ಹೊಂಗೆ ಎಲೆ ಉದುರಿ ತೂತು ಕಟ್ಟಿಕೊಂಡರೆ ಮಳೆನೀರು ನಿಂತು ಸೊಳ್ಳೆಗೆ ಮನೆಯಾಗುತ್ತದೆ, ಮೇಲೆ ಬಟ್ಟೆ ಹೊದಿಸುವಾಗ ಪಕ್ಕದಲ್ಲಿ ಗಾಳಿಯಾಡಲು ಬಿಡಿ. ಎರಡೂ ಹಬ್ ಮುಟ್ಟಿ ನೋಡಿ. ಒಂದು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಕ್ಯಾಪ್ ಸುತ್ತ ಹಾಲುಬಣ್ಣದ ಗ್ರೀಸ್ ಕಂಡರೆ, ಮುಂದಿನ ಪ್ರಯಾಣದ ಮೊದಲು ಸೀಲ್ ಬದಲಿಸಿ.